ಹೋಂವರ್ಕಿಗೆ ಎ4 ಅಳತೆಯ ವೈಟ್‌ಬೋರ್ಡ್: ಲೆಕ್ಕಕ್ಕೆ ಸೈ, ಕಾಪಿ ಬರವಣಿಗೆಗೆ ಅಲ್ಲ

ಭಾಗಾಕಾರ ಕಲಿಯುತ್ತಿರುವ ಮಗುವಿಗೆ ಎ4 ಅಳತೆಯ, ಅಂದರೆ 21 × 29.7 ಸೆಂ.ಮೀ. ವೈಟ್‌ಬೋರ್ಡ್ ನಿಜಕ್ಕೂ ಒಳ್ಳೆಯ ಸಾಧನ. ಅಳಿಸಬಹುದು ಎಂಬ ಧೈರ್ಯಕ್ಕೇ ಮಕ್ಕಳು ಲೆಕ್ಕಕ್ಕೆ ಕೈಹಾಕುತ್ತಾರೆ. ಆದರೆ ತಪ್ಪು ಕಂಡ ಕೂಡಲೇ ಒರೆಸಲು ಬಿಡಬೇಡಿ. 84ನ್ನು 6ರಿಂದ ಭಾಗಿಸುವಾಗ, ಉಳಿದ 2ರ ಪಕ್ಕ 4 ಇಳಿಸಿಕೊಳ್ಳುವುದನ್ನು ಮರೆತಿದ್ದರೆ ಆ ಸಾಲಿಗೆ ಬೇರೆ ಬಣ್ಣದಲ್ಲಿ ಗುರುತು ಹಾಕಿಸಿ, ಕೆಳಗೆ ಮತ್ತೆ ಮಾಡಿಸಿ. ಎರಡನ್ನೂ ಹೋಲಿಸಿ ನೋಡಿದ ಮೇಲೆಯೇ ಡಸ್ಟರ್. ಆಮೇಲೆ ನೋಟ್‌ಬುಕ್ಕಿನಲ್ಲಿ ಬೋರ್ಡ್ ನೋಡದೆ ಬರೆಯಲಿ.

ಕಾಪಿ ಬರವಣಿಗೆಗೆ ಇದು ಬೇಡವೇ ಬೇಡ. ನುಣುಪಿನ ಮೇಲೆ ಮಾರ್ಕರ್ ಜಾರುವುದರಿಂದ ಒತ್ತಕ್ಷರಗಳು ಗೀಚಿದಂತಾಗುತ್ತವೆ. ಎಡಗೈಯಲ್ಲಿ ಬರೆಯುವ ಮಗುವಿನ ಕೈಯಂತೂ, ಪಾಪ, ಬರೆದದ್ದನ್ನೇ ಒರೆಸಿಕೊಂಡು ಹೋಗುತ್ತದೆ. ಬೋರ್ಡಿನ ಮೇಲ್ತುದಿಯನ್ನು ಬಲಕ್ಕೆ ಓರೆ ಮಾಡಿಟ್ಟು, ಕೈ ಸಾಲಿನ ಕೆಳಗೇ ಇರುವಂತೆ ನೋಡಿಕೊಳ್ಳಬೇಕು.

ಮೆಲಮೈನ್ ಲೇಪದ ಬೋರ್ಡಿನಲ್ಲಿ ಬರಬರುತ್ತಾ ಕಲೆ ಉಳಿಯುತ್ತದೆ. ಉಕ್ಕಿನ ಮೇಲೆ ಎನಾಮೆಲ್ ಇರುವುದು ಹೆಚ್ಚು ಬಾಳುತ್ತದೆ, ಭಾರವೂ ಹೆಚ್ಚು. ಪರ್ಮನೆಂಟ್ ಮಾರ್ಕರ್ ತಗುಲಿದರೆ ಅದರ ಮೇಲೆ ವೈಟ್‌ಬೋರ್ಡ್ ಮಾರ್ಕರ್‌ನಿಂದ ತಿದ್ದಿ, ಹಸಿಯಿರುವಾಗಲೇ ಒರೆಸಿ. ಮಾರ್ಕರ್‌ಗಳನ್ನು ಅಡ್ಡ ಮಲಗಿಸಿಡಿ. ತುದಿ ಮೇಲಾದರೆ ಶಾಯಿ ಕೆಳಗಿಳಿದು ಬರಹ ಮಸುಕಾಗುತ್ತದೆ.