‘ಲ್ಯಾಬ್ ಬ್ಯಾಡ, ಬಯಾಲಜಿ ಪಾಸ್ ಮಾಡಿಸ್ತೀವಿ’ ಅನ್ನುವವರನ್ನು ನಂಬಬೇಡಿ

ಪಿಯುಸಿಯಲ್ಲಿ ಬಯಾಲಜಿ ಬಿಟ್ಟು ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್) ತಗೊಂಡು, ಆಮೇಲೆ ಡಾಕ್ಟರ್ ಆಗಬೇಕು ಅಂತ ಮನಸ್ಸು ಬದಲಿಸಿದ ಮಕ್ಕಳು ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಬೇಕಾದಷ್ಟು ಇದ್ದಾರೆ. ಮೊದಲು ಇವರಿಗೆ ದಾರಿಯೇ ಇರಲಿಲ್ಲ. 2023ರ ನವೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ನಿಯಮ ಸಡಿಲಿಸಿತು. ಹನ್ನೆರಡನೇ ತರಗತಿ ಮುಗಿದ ಮೇಲೂ ಮಾನ್ಯತೆ ಇರುವ ಬೋರ್ಡಿನಿಂದ ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಪಾಸ್ ಮಾಡಿ ನೀಟ್, ಅಂದರೆ ವೈದ್ಯಕೀಯ ಪ್ರವೇಶ ಪರೀಕ್ಷೆ, ಬರೆಯಬಹುದು. ತುಂಬಾ ಒಳ್ಳೆಯ ನಿರ್ಧಾರ. ಆದರೆ ಈಗ ಆ ಬಾಗಿಲಲ್ಲೇ ಏಜೆಂಟರು ಬಂದು ಕೂತಿದ್ದಾರೆ.

ನಮ್ಮ ಅಕ್ಕನ ಮಗಳು ಧಾರವಾಡದಲ್ಲಿ ಪಿಸಿಎಂಸಿ ಓದಿದವಳು. ಅಜ್ಜಿಯ ಜೊತೆ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ಓಡಾಡುತ್ತಾ ವೈದ್ಯೆ ಆಗುವ ಆಸೆ ಹುಟ್ಟಿತು. ಹುಬ್ಬಳ್ಳಿಯ ಒಂದು ಏಜೆನ್ಸಿಯವರು ಬೇರೆ ರಾಜ್ಯದ ಓಪನ್ ಬೋರ್ಡಿನಿಂದ (ದಿನಾ ಕಾಲೇಜಿಗೆ ಹೋಗದೆ ಓದಿ ಪರೀಕ್ಷೆ ಬರೆಯುವ ಬೋರ್ಡು) ಬಯಾಲಜಿ ಮುಗಿಸಿಕೊಡುತ್ತೇವೆ ಅಂದರು. ಅಕ್ಕ ಬಂಗಾರ ಅಡವಿಟ್ಟು ದುಡ್ಡು ಕಟ್ಟಿದಳು. "ಸರ್, ಪ್ರಾಕ್ಟಿಕಲ್ ಯಾವಾಗ?" ಅಂತ ಹುಡುಗಿ ಅವತ್ತೇ ಕೇಳಿದ್ದಳು. "ಲ್ಯಾಬ್ ಗೀಬ್ ಏನೂ ಬ್ಯಾಡವಾ. ಪರೀಕ್ಷೆ ಒಂದು ಬರಿ, ಮುಂದಿಂದು ನಾವು ನೋಡ್ಕೋತೀವಿ" ಅಂದರು.

ಅವಳು ಹಗಲು ರಾತ್ರಿ ಓದಿದಳು. ನೀಟ್‌ನಲ್ಲಿ ಅಂಕವೂ ಚೆನ್ನಾಗಿ ಬಂತು. ದಾಖಲೆ ಪರಿಶೀಲನೆಗೆ ಹೋದಾಗ ಬಯಾಲಜಿ ಅಂಕಪಟ್ಟಿಯಲ್ಲಿ ಥಿಯರಿ ಮಾತ್ರ ಇತ್ತು. ಪ್ರಾಯೋಗಿಕ ಪರೀಕ್ಷೆಯ ಜಾಗ ಖಾಲಿ. ಅಲ್ಲಿಗೆ ಆ ವರ್ಷದ ಸೀಟು ಹೋಯಿತು. ಏಜೆನ್ಸಿಗೆ ಫೋನ್ ಮಾಡಿದರೆ, "ಅದು ಬೋರ್ಡಿಗೆ ಸಂಬಂಧಪಟ್ಟದ್ದರಿ, ನಮಗೇನು ಗೊತ್ತು" ಅಂದುಬಿಟ್ಟರು. ಇಷ್ಟು ಕಷ್ಟಪಟ್ಟು ಓದಿದ ಹುಡುಗಿಗೆ ಹೇಳುವ ಮಾತೇ ಇದು? ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನೀಟ್ ಮಾಹಿತಿ ಪುಸ್ತಕದಲ್ಲಿ ಅರ್ಹತೆಯ ಭಾಗ ತೆಗೆದು ನೋಡಿ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಅಥವಾ ಬಯೋಟೆಕ್ನಾಲಜಿ, ಜೊತೆಗೆ ಇಂಗ್ಲಿಷ್ ಇರಬೇಕು. ವಿಜ್ಞಾನದ ವಿಷಯಗಳಲ್ಲಿ ಪ್ರಾಯೋಗಿಕ ಪರೀಕ್ಷೆಯೂ ಆಗಿರಬೇಕು ಅಂತ ಸ್ಪಷ್ಟವಾಗಿ ಬರೆದಿದೆ. ತೊಂದರೆ ಏನೆಂದರೆ, ಅರ್ಜಿ ತುಂಬುವಾಗ ಯಾರೂ ನಿಮ್ಮನ್ನು ತಡೆಯುವುದಿಲ್ಲ. ಹಾಲ್ ಟಿಕೆಟ್ ಬರುತ್ತದೆ, ಪರೀಕ್ಷೆ ಆಗುತ್ತದೆ, ರ‍್ಯಾಂಕೂ ಬರುತ್ತದೆ. ಮೂಲ ಅಂಕಪಟ್ಟಿ ನೋಡುವುದು ಸೀಟು ಹಂಚುವ ಹೊತ್ತಿಗೆ. ಏಜೆಂಟರ ದುಡ್ಡು ಅಷ್ಟರಲ್ಲಿ ಕೈಸೇರಿರುತ್ತದೆ.

ಲ್ಯಾಬ್ ಬರೀ ಕಾಗದದ ಮಾತೂ ಅಲ್ಲ. ಎಂಬಿಬಿಎಸ್ ಮೊದಲ ವರ್ಷದಲ್ಲೇ ಅನಾಟಮಿಯ ಸ್ಲೈಡುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಗುರುತಿಸಬೇಕು. ಈರುಳ್ಳಿ ಬೇರಿನ ತುದಿಯಲ್ಲಿ ಜೀವಕೋಶ ಒಂದು ಎರಡಾಗುವುದನ್ನೇ ಒಮ್ಮೆಯೂ ನೋಡದ ಮಗುವಿಗೆ ಅದು ಎಷ್ಟು ಕಷ್ಟ, ಅಲ್ವಾ?

ಬಯಾಲಜಿ ತಗೊಂಡ ಮಕ್ಕಳ ತಂದೆ-ತಾಯಂದಿರೂ ಸ್ವಲ್ಪ ಗಮನ ಕೊಡಿ. ನೀಟ್ ಕೋಚಿಂಗ್ ಜೊತೆಗೇ ಪಿಯುಸಿ ಅನ್ನುವ ಕೆಲವು ಕಡೆ ಲ್ಯಾಬ್‌ಗೆ ಬೀಗ ಹಾಕಿರುತ್ತಾರೆ, ಮಕ್ಕಳು ರೆಕಾರ್ಡ್ ಬುಕ್ ಸುಮ್ನೆ ನಕಲು ಮಾಡುತ್ತಾರೆ. ನಮ್ಮ ಪಿಯು ಬೋರ್ಡಿನಲ್ಲಿ ಪ್ರತಿ ವಿಜ್ಞಾನ ವಿಷಯಕ್ಕೂ 30 ಅಂಕ ಪ್ರಾಕ್ಟಿಕಲ್‌ಗೇ ಇದೆ. ಈ ವಾರ ಲ್ಯಾಬ್‌ನಲ್ಲಿ ಏನು ಮಾಡಿದೆ ಅಂತ ಮಗುವನ್ನೇ ಕೇಳಿ.

ನಮ್ಮ ಹುಡುಗಿ ಈಗ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ, ಅಂದರೆ ಎನ್‌ಐಒಎಸ್‌ನಲ್ಲಿ, ಬಯಾಲಜಿಗೆ ಹೆಸರು ಹಚ್ಚಿದ್ದಾಳೆ. ಅಲ್ಲಿ ಪ್ರಾಯೋಗಿಕ ಪರೀಕ್ಷೆ ಇದೆ, ಅದರ ಅಂಕವೂ ಬೇರೆಯಾಗಿ ಬರುತ್ತದೆ. ಏಜೆಂಟರ ಹಂಗಿಲ್ಲ, ಅರ್ಜಿಯನ್ನು ನಾವೇ ಹಾಕಿದೆವು.

ಯಾರಿಗಾದರೂ ಈಗಾಗಲೇ ದುಡ್ಡು ಕೊಟ್ಟಿದ್ದರೆ ಅಂಕಪಟ್ಟಿ ಬರುವವರೆಗೆ ಕಾಯಬೇಡಿ. ಪ್ರಾಕ್ಟಿಕಲ್ ಯಾವ ದಿನ, ಯಾವ ಕೇಂದ್ರದಲ್ಲಿ ಅಂತ ಬರಹದಲ್ಲಿ ಕೇಳಿ. ಉತ್ತರ ಬರದಿದ್ದರೆ ನೇರವಾಗಿ ಆ ಬೋರ್ಡಿಗೇ ಪತ್ರ ಬರೆಯಿರಿ.