ಎಫ್‌ಎಫ್‌ಎಂಪೆಗ್ ಸಿಗದಿದ್ದರೂ ಬಾಯಿ ಬಿಡದ ಆಡಿಯೊ ಟೂಲ್

ಸಂಗೀತ ಪಾಠದ ಹಳೇ ರೆಕಾರ್ಡಿಂಗ್‌ಗಳು ನನ್ನ ಹತ್ತಿರ ರಾಶಿ ಇವೆ. ಎಲ್ಲಾ ದೊಡ್ಡ ದೊಡ್ಡ ವೇವ್ ಫೈಲ್‌ಗಳು. ಅವನ್ನು ಚಿಕ್ಕದು ಮಾಡಿ, ಪಾಠದ ಹೆಸರು, ದಿನಾಂಕ ಸೇರಿಸಿಡಲು ಒಂದು ಕಮಾಂಡ್‌ಲೈನ್ ಟೂಲ್ ಬಳಸುತ್ತೇನೆ. ಆಯ್ಕೆಗಳು ಸುಲಭವಾಗಿ ನೆನಪಲ್ಲಿ ಉಳಿಯುತ್ತವೆ, ವೇಗವೂ ಚೆನ್ನಾಗಿದೆ.

ತೊಂದರೆ ಶುರುವಾಗಿದ್ದು ಹೊಸ ಕಂಪ್ಯೂಟರ್‌ನಲ್ಲಿ. ಈ ಟೂಲ್ ಆಡಿಯೊವನ್ನು ತಾನೇ ಬದಲಿಸುವುದಿಲ್ಲ, ಒಳಗಿಂದ ಎಫ್‌ಎಫ್‌ಎಂಪೆಗ್ ಅನ್ನೋ ಬೇರೆ ಪ್ರೋಗ್ರಾಂ ಅನ್ನು ಕರೆದು ಅದರಿಂದ ಬದಲಿಸುತ್ತದೆ. ಹೊಸ ಮೆಷಿನ್‌ನಲ್ಲಿ ಅದು ಇರಲಿಲ್ಲ. ಟೂಲ್ ಓಡಿತು, ಮುಗಿಯಿತು, ಪ್ರಾಂಪ್ಟ್ ವಾಪಸ್ ಬಂತು. ಒಂದಕ್ಷರ ದೂರಿಲ್ಲ. ಫೋಲ್ಡರ್ ತುಂಬ ಫೈಲ್‌ಗಳು, ಪ್ರತಿಯೊಂದೂ 0 ಬೈಟ್. ಎಕ್ಸಿಟ್ ಕೋಡ್ (ಪ್ರೋಗ್ರಾಂ ಮುಗಿಯುವಾಗ ಕೊಡುವ ಸಂಖ್ಯೆ) ನೋಡಿದರೆ ಅದೂ 0, ಅಂದರೆ ಎಲ್ಲ ಸರಿಯಾಗಿದೆ ಅಂತ. ನನಗೆ ಭಯವಾಗಿದ್ದು ಇಲ್ಲೇ. ‘ಸರಿಯಾಗಿ ಮುಗಿದರೆ ಮೂಲ ಫೈಲ್ ಅಳಿಸು’ ಅಂತ ಸ್ಕ್ರಿಪ್ಟ್ ಬರೆದಿಟ್ಟವರ ಗತಿ ಏನು? ಮೂಲವೂ ಹೋಗುತ್ತದೆ, ಕೈಯಲ್ಲಿ ಖಾಲಿ ಫೈಲ್ ಉಳಿಯುತ್ತದೆ.

ಪ್ರೋಗ್ರಾಂ ಲಿನಕ್ಸ್‌ಗೆ ಏನೇನು ಕೇಳುತ್ತದೆ ಅಂತ ತೋರಿಸುವ ಎಸ್‌ಟ್ರೇಸ್ ಹಾಕಿ ನೋಡಿದ ಮೇಲೆ ವಿಷಯ ಗೊತ್ತಾಯಿತು. ಪಾತ್‌ನಲ್ಲಿರುವ, ಅಂದರೆ ಪ್ರೋಗ್ರಾಂಗಳನ್ನು ಹುಡುಕುವ ಜಾಗಗಳ ಪಟ್ಟಿಯಲ್ಲಿರುವ, ಒಂದೊಂದೇ ಡೈರೆಕ್ಟರಿಯಲ್ಲಿ ಟೂಲ್ ಎಫ್‌ಎಫ್‌ಎಂಪೆಗ್‌ಗಾಗಿ ಹುಡುಕಿದೆ. ಪ್ರತಿ ಸಲವೂ ಲಿನಕ್ಸ್ ‘ಇನೋಎಂಟ್’ ಅಂತ, ಅಂದರೆ ಅಂಥ ಫೈಲೇ ಇಲ್ಲ ಅಂತ, ಉತ್ತರ ಕೊಟ್ಟಿದೆ. ಸುದ್ದಿ ಟೂಲ್‌ಗೆ ತಲುಪಿತ್ತು. ನನಗೆ ಮಾತ್ರ ಹೇಳಲಿಲ್ಲ! ಇಂಥ ಕಡೆ ಶೆಲ್ (ನಾವು ಟೈಪ್ ಮಾಡಿದ ಕಮಾಂಡ್ ಓಡಿಸುವ ಪ್ರೋಗ್ರಾಂ) ಆದರೆ ಕಮಾಂಡ್ ಸಿಗಲಿಲ್ಲ ಅಂದು ಎಕ್ಸಿಟ್ ಕೋಡ್ 127 ಕೊಡುತ್ತದೆ. ಫೈಲ್ ಇದ್ದೂ ಓಡಿಸಲು ಆಗದಿದ್ದರೆ 126. ದಾಖಲೆಗಳ ರೂಪ ಬದಲಿಸುವ ಪ್ಯಾನ್‌ಡಾಕ್ ಟೂಲ್‌ನಲ್ಲಿ ಪಿಡಿಎಫ್ ಮಾಡುವಾಗ, ಅದಕ್ಕೆ ಬೇಕಾದ ಪಿಡಿಎಫ್‌ಲೇಟೆಕ್ ಎಂಜಿನ್ ಸಿಗದಿದ್ದರೆ ಅದರ ಹೆಸರನ್ನೇ ಹೇಳಿ, ಬೇರೆ ಎಂಜಿನ್ ಆರಿಸಿ ಇಲ್ಲವೇ ಇದನ್ನು ಇನ್‌ಸ್ಟಾಲ್ ಮಾಡಿ ಅನ್ನುತ್ತದೆ. ಅಷ್ಟು ಹೇಳಿದರೆ ಸಾಕಲ್ವಾ?

ಇನ್‌ಸ್ಟಾಲ್ ಮಾಡಿದ ಮೇಲೂ ಕಾಟ ತಪ್ಪಲಿಲ್ಲ. ಕೈಯಿಂದ ಓಡಿಸಿದರೆ ಸರಿ, ನಿಗದಿತ ಸಮಯಕ್ಕೆ ತಾನಾಗಿ ಕೆಲಸ ಓಡಿಸುವ ಕ್ರಾನ್‌ನಲ್ಲಿ ಹಾಕಿದರೆ ಮತ್ತೆ 0 ಬೈಟ್. ಕ್ರಾನ್‌ಗೆ ಸಿಗುವ ಪಾತ್ ತುಂಬ ಚಿಕ್ಕದು, ಎಫ್‌ಎಫ್‌ಎಂಪೆಗ್ ಇದ್ದ ಡೈರೆಕ್ಟರಿ ಅದರಲ್ಲಿ ಇರಲಿಲ್ಲ. ಕ್ರಾನ್‌ನ ಕೆಲಸಗಳ ಪಟ್ಟಿಯಾದ ಕ್ರಾನ್‌ಟ್ಯಾಬ್‌ನಲ್ಲೇ ಪಾತ್ ಬರೆದ ಮೇಲೆ ಸರಿಹೋಯಿತು.

ಈಗ ಟೂಲ್ ಓಡಿಸುವ ಮೊದಲು ಸ್ಕ್ರಿಪ್ಟ್‌ನಲ್ಲಿ ‘ಕಮಾಂಡ್ -ವಿ’ ಹಾಕಿ ಎಫ್‌ಎಫ್‌ಎಂಪೆಗ್ ಇದೆಯಾ ಅಂತ ನೋಡುತ್ತೇನೆ. ಇಲ್ಲದಿದ್ದರೆ ಅಲ್ಲೇ ನಿಲ್ಲಿಸುತ್ತೇನೆ. ಈ ಕೆಲಸ ಟೂಲೇ ಮಾಡಬೇಕಿತ್ತು. ಕಣ್ಣೆದುರು ಕೂತು ಓಡಿಸುವುದಾದರೆ ಬಳಸಿ, ಫಲಿತಾಂಶ ನಿಜಕ್ಕೂ ಚೆನ್ನಾಗಿದೆ. ರಾತ್ರಿ ತಾನಾಗಿ ಓಡುವ ಕೆಲಸಕ್ಕೆ ಮಾತ್ರ ಸದ್ಯಕ್ಕೆ ಬೇಡ ಅನ್ನುತ್ತೇನೆ. 5ಕ್ಕೆ 2 ಸ್ಟಾರ್.