ಫೋಟೊ ಹುಡುಕಾಟವೋ, ವಿಡಿಯೊ ಕರೆಯೋ?

ಆನ್‌ಲೈನ್‌ನಲ್ಲಿ ಪರಿಚಯವಾಗಿ ಮಣಿಪಾಲದಲ್ಲಿ ಡಾಕ್ಟರ್ ಎಂದು ಹೇಳಿಕೊಂಡವರು ನಿಜವೇ ಎಂದು ನೋಡಲು, ಅವರ ಫೋಟೊವನ್ನು ಚಿತ್ರದಿಂದಲೇ ಹುಡುಕುವ ಗೂಗಲ್ ಲೆನ್ಸ್‌ಗೆ ಹಾಕುವುದು ಎರಡು ನಿಮಿಷದ ಕೆಲಸ, ಎದುರಿನವರಿಗೆ ಗೊತ್ತೂ ಆಗದು. ಅದೇ ಚಿತ್ರ ಬೇರೆ ಹೆಸರಲ್ಲಿ ಸಿಕ್ಕರೆ ಅಲ್ಲಿಗೇ ಬಿಡಿ. ಸಿಗಲಿಲ್ಲ ಎಂಬ ಮಾತ್ರಕ್ಕೆ ಅವರನ್ನು ನಂಬಬೇಡಿ: ಖಾಸಗಿ ಖಾತೆಯಿಂದ ಕದ್ದದ್ದು, ಎಐ ಸೃಷ್ಟಿಸಿದ್ದು ಸಾಮಾನ್ಯವಾಗಿ ಸಿಗುವುದಿಲ್ಲ.

ವಿಡಿಯೊ ಕರೆ ಹೆಚ್ಚು ಗಟ್ಟಿ, ಆದರೆ ಮುನ್ಸೂಚನೆ ಕೊಡದೆ ಮಾಡಬೇಕು. ಮುಖದ ಮುಂದೆ ಕೈ ಆಡಿಸಲು, ಪೂರ್ತಿ ಪಕ್ಕಕ್ಕೆ ತಿರುಗಲು ಹೇಳಿ. ಎಐ ಹೊದಿಸಿದ ನಕಲಿ ಮುಖ ಅಂಚಿನಲ್ಲಿ ಕದಡಬಹುದು (ಈಚಿನವು ಇದನ್ನೂ ದಾಟುತ್ತವೆ). ಮುಖ ನಿಜವಾದರೂ ಕೆಲಸ ನಿಜವೆಂದಲ್ಲ. ಅದಕ್ಕೆ ಆಸ್ಪತ್ರೆಯ ಜಾಲತಾಣದಲ್ಲಿರುವ ನಂಬರಿಗೇ ಫೋನ್ ಮಾಡಿ, ಅವರು ಕೊಟ್ಟ ನಂಬರಿಗಲ್ಲ.

ಒಂದನ್ನೇ ಆರಿಸುವುದಾದರೆ ವಿಡಿಯೊ ಕರೆ. ‘ಕ್ಯಾಮೆರಾ ಹಾಳಾಗಿದೆ’ ಎಂಬ ನೆಪ ಎರಡನೇ ಸಲ ಬಂದರೆ ಉತ್ತರ ಸಿಕ್ಕಂತೆಯೇ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.